ಪಾದದಿಂದ ಮೇಲಕ್ಕೆ ಬಂದದ್ದು

ಮೊದಲು ಮರಗಟ್ಟಿದ್ದು ಎಡಗಾಲಿನ ಹೆಬ್ಬೆರಳು. ಸೋಮವಾರ ಬೆಳಿಗ್ಗೆ ಉಮ್ಮತ್ತೂರಿನ ಬಸ್ಸಿನಲ್ಲಿ ಕೂತಿದ್ದಾಗ ಚಪ್ಪಲಿಯೊಳಗೆ ಇರುವೆ ಹರಿದ ಹಾಗಾಯಿತು. ಬಗ್ಗಿ ನೋಡಿದೆ, ಏನೂ ಇರಲಿಲ್ಲ. ಬೆರಳನ್ನು ಉಗುರಿನಿಂದ ಚಿವುಟಿದೆ. ಬೇರೆ ಯಾರದೋ ಬೆರಳನ್ನು ಚಿವುಟಿದಂತಿತ್ತು.

ನನ್ನ ಹೆಸರು ಜಯಮಣಿ. ಉಮ್ಮತ್ತೂರಿನಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಮನೆ ಚಾಮರಾಜನಗರದಲ್ಲಿ. ಗಂಡ ದೇವರಾಜು ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾರೆ. ಮಕ್ಕಳಿಲ್ಲ. ನಾವು ಲೂಥರನ್ ಸಭೆಯವರು. ತಾಳವಾಡಿ ಕಡೆಯಿಂದ ಮದುವೆಯಾಗಿ ಬಂದ ನಮ್ಮಜ್ಜಿಯ ಕಾಲದಿಂದಲೂ ಮನೆಯಲ್ಲಿ ತಮಿಳಿನ ಪ್ರಾರ್ಥನೆ, ಬೀದಿಯಲ್ಲಿ ಕನ್ನಡ. ಊರಲ್ಲಿ ನಮ್ಮ ಸಭೆಯ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟೇ. ಹನ್ನೆರಡು ವರ್ಷ ಅಲ್ಲಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಿದ್ದೆ. ಕ್ರೈಸ್ತರು ಸಂತೋಷವಾಗಿ ಬಾಳಬೇಕು ಎಂದು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೆ. ಆಗ ಅದು ಬರೆಯಲು ಸುಲಭವಾದ ಮಾತಾಗಿತ್ತು.

ಎರಡು ವಾರದ ಹಿಂದೆ ಜ್ವರ, ಭೇದಿ ಬಂದು ಹೋಗಿತ್ತು. ಅದನ್ನು ಮರೆತೇ ಬಿಟ್ಟಿದ್ದೆ.

ಮಂಗಳವಾರದ ಹೊತ್ತಿಗೆ ಎರಡೂ ಪಾದ ದಪ್ಪನೆಯ ಕಾಲುಚೀಲ ತೊಟ್ಟಂತಾದವು. ಗ್ರಂಥಾಲಯಕ್ಕೆ ದಿನಾ ಪೇಪರು ಓದಲು ಬರುವ ಮಾದಪ್ಪ ಎಂಬ ಮುದುಕರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. "ಯಾಕವ್ವ, ಕೆಸರಲ್ಲಿ ಕಾಲು ಕಿತ್ತಾಕ್ದಂಗೆ ನಡೀತಿದ್ದೀಯಲ್ಲ," ಅಂದರು. ನಕ್ಕುಬಿಟ್ಟೆ. ಸಂಜೆ ಬಸ್ಸು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿದೆಯೆಂದು ಕಾಲಿಗೆ ಗೊತ್ತಾಗಲಿಲ್ಲ. ರಸ್ತೆಗೆ ಬಿದ್ದೆ. ಮಂಡಿ ತರಚಿ ರಕ್ತ ಬಂತು. ಬಿದ್ದದ್ದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ತರಚಿದ ಗಾಯ ಉರಿಯಲೇ ಇಲ್ಲ.

ಬುಧವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಗಂಡ ಘಾಟಿಯ ಆಚೆ ಇದ್ದರು. ಫೋನಿನಲ್ಲಿ ವಿಷಯ ಕೇಳಿ ಗುಂಡ್ಲುಪೇಟೆಯಲ್ಲಿದ್ದ ತಮ್ಮ ಅಕ್ಕನಿಗೆ ತಿಳಿಸಿದರು. ಎಸ್ತರಮ್ಮಕ್ಕ ಗಂಡ ಸತ್ತ ಮೇಲೆ ಈರುಳ್ಳಿ ಮಂಡಿಯಲ್ಲಿ ಗೆಡ್ಡೆ ಆರಿಸುವ ಕೆಲಸ ಮಾಡಿಕೊಂಡು ಒಬ್ಬರೇ ಇದ್ದವರು. ಸಿಕ್ಕ ಬಸ್ಸು ಹತ್ತಿ ಬಂದರು. ಬಾಗಿಲು ತೆಗೆಯಲು ತೆವಳಿ ಬಂದು ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿ ಕೈಚೀಲವನ್ನು ಅಲ್ಲೇ ಇಟ್ಟರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಏಳಮ್ಮಿ, ಆಸ್ಪತ್ರೆಗೋಗನ. ನನ್ ಕತ್ತು ಇಡ್ಕೊ," ಅಂದು ಮಗುವನ್ನು ಎತ್ತುವಂತೆ ಎತ್ತಿದರು.

ಆಸ್ಪತ್ರೆಯ ಕಾಯುವ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ಬೆಂಚಿನ ಸಾಲು ಮುಂದೆ ಜರುಗಿದಂತೆಲ್ಲ ಅಕ್ಕ ನನ್ನನ್ನು ಎಳೆದು ಜರುಗಿಸುತ್ತಿದ್ದರು. ಡಾಕ್ಟರು ಚಿಕ್ಕ ವಯಸ್ಸಿನವರು. ಮೊದಲು ಹಗುರವಾಗಿ ಮಾತಾಡುತ್ತಿದ್ದರು. ರಬ್ಬರಿನ ಸುತ್ತಿಗೆಯಿಂದ ನನ್ನ ಮಂಡಿಯ ಕೆಳಗೆ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಮತ್ತೆ ತಟ್ಟಿದರು. ಇನ್ನೊಂದು ಕಾಲಿಗೆ ತಟ್ಟಿದರು. ಆಮೇಲೆ ಮಾತು ನಿಲ್ಲಿಸಿದರು. ನಾನು ಕಾಲನ್ನು ನೋಡುವುದು ಬಿಟ್ಟು ಅವರ ಮುಖವನ್ನೇ ನೋಡಿದೆ.

"ಜೋರಾಗಿ ಉಸಿರೆಳ್ಕೊಂಡು, ಒಂದೇ ಉಸಿರಿಗೆ ಎಷ್ಟಾಗುತ್ತೋ ಅಷ್ಟು ಎಣಿಸಿ," ಅಂದರು.

ಮೂವತ್ತೊಂದಕ್ಕೆ ಉಸಿರು ಮುಗಿಯಿತು. ಅವರು ಬರೆದುಕೊಂಡರು. ಮಧ್ಯಾಹ್ನ ವಾರ್ಡಿನಲ್ಲಿ ಮತ್ತೆ ಎಣಿಸಲು ಹೇಳಿದರು. ಇಪ್ಪತ್ತನಾಲ್ಕು. ಎಣಿಕೆ ಯಾತಕ್ಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದೇನೋ ಪರೀಕ್ಷೆಯೆಂದು ತಿಳಿದ ಅಕ್ಕ ಕಿವಿಯಲ್ಲಿ, "ಬೇಗ ಬೇಗ ಯೋಳು, ಜಾಸ್ತಿ ಆಯ್ತದೆ," ಅಂದರು. ಮಾರನೆಯ ದಿನ ಬೇಗ ಬೇಗ ಹೇಳಿದರೂ ಹದಿನೈದು ದಾಟಲಿಲ್ಲ. ಅಷ್ಟು ಹೊತ್ತಿಗೆ ಗಂಡ ಬಂದಿದ್ದರು. ಲಾರಿಯ ಡೀಸೆಲ್ ವಾಸನೆಯ ಅಂಗಿಯಲ್ಲೇ ಮಂಚದ ಕಾಲಬದಿ ನಿಂತು ನನ್ನ ಪಾದ ಹಿಡಿದುಕೊಂಡಿದ್ದರು. ಹಿಡಿದಿದ್ದಾರೆಂಬುದು ಕಣ್ಣಿಗೆ ಕಂಡಿತೇ ಹೊರತು ಪಾದಕ್ಕೆ ತಿಳಿಯಲಿಲ್ಲ.

ಡಾಕ್ಟರು ಅವರನ್ನು ಹೊರಗೆ ಕರೆದು ಹೇಳಿದರಂತೆ. ಎರಡು ವಾರದ ಹಿಂದಿನ ಜ್ವರದಿಂದ ಕೆರಳಿ ಇವರ ದೇಹವೇ ಇವರ ನರಗಳನ್ನು ಶತ್ರುವೆಂದು ತಿಳಿದು ಹೊಡೆಯುತ್ತಿದೆ. ಮೈಸೂರಿನಿಂದ ಔಷಧಿ ಬರುತ್ತದೆ, ಇವತ್ತೇ ಶುರು ಮಾಡುತ್ತೇವೆ. ಆದರೆ ಇದು ಮೇಲಕ್ಕೆ ಹತ್ತುವ ಕಾಯಿಲೆ, ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಗಂಡ ಒಳಗೆ ಬಂದು, "ಏನಿಲ್ಲ ಕಣ ಜಯಾ, ನರದ ವೀಕ್ನೆಸ್ಸು," ಅಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಅದು ಹತ್ತುತ್ತಿತ್ತು. ಬೆಳಿಗ್ಗೆ ತೊಡೆಯಲ್ಲಿದ್ದದ್ದು ಮಧ್ಯಾಹ್ನ ಸೊಂಟಕ್ಕೆ ಬರುತ್ತಿತ್ತು. ಕೈಬೆರಳುಗಳು ಲೋಟ ಹಿಡಿಯುವುದನ್ನು ಬಿಟ್ಟವು. ಆಮೇಲೆ ನೀರು ಕುಡಿದರೆ ಮೂಗಿಗೆ ಬಂತು. ತೊಟ್ಟಿಯೊಳಗೆ ನಿಲ್ಲಿಸಿ ನೀರು ಬಿಟ್ಟ ಹಾಗೆ, ಅದು ಎಲ್ಲಿಯವರೆಗೆ ಬಂದಿದೆ ಎಂದು ನಾನು ಒಳಗಿನಿಂದಲೇ ನೋಡುತ್ತಿದ್ದೆ.

ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಆ ದಿನ ಬಂದರು. ಆಗಲೇ ನನ್ನನ್ನು ಐಸಿಯುಗೆ ಸಾಗಿಸಿದ್ದರು, ಅವರನ್ನು ಹತ್ತು ನಿಮಿಷ ಒಳಗೆ ಬಿಟ್ಟರು. ಎಪ್ಪತ್ತರ ಹತ್ತಿರದ ವಯಸ್ಸು, ಮೆಲುಮಾತು. ಉದ್ದನೆಯ ಪ್ರಾರ್ಥನೆ ಮಾಡಲಿಲ್ಲ. "ಹೆದರಿಕೆ ಆಗ್ತಿದೆಯೇನಮ್ಮ," ಎಂದು ಕೇಳಿದರು. ಹೂಂ ಅಂದೆ. "ನನಗೂ ಆಗ್ತಿದೆ," ಅಂದರು. ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ನಾನು ಮೂರು ತಿಂಗಳ ಕೂಸಾಗಿದ್ದಾಗ ದೀಕ್ಷಾಸ್ನಾನದಲ್ಲಿ ಯಾರೋ ಹಾಕಿದ ಗುರುತು ಅದೇ ಜಾಗದಲ್ಲಿತ್ತು. ಅವರು ಹೋದ ಮೇಲೆ ಡಾಕ್ಟರು ಕೊನೆಯ ಸಲ ಎಣಿಸಲು ಹೇಳಿದರು. ಒಂಬತ್ತು. ಅರ್ಧ ಗಂಟೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿದರು.

ಮುಂದಿನ ದಿನಗಳನ್ನು ನಾನು ಸರಿಯಾಗಿ ಎಣಿಸಲಾರೆ. ರೆಪ್ಪೆಗಳೂ ಕೈಕೊಟ್ಟಿದ್ದವು. ಹೊರಗಿನವರಿಗೆ ನಾನು ನಿದ್ದೆಯಲ್ಲಿದ್ದೆ. ಒಳಗೆ ಎಚ್ಚರವಾಗಿದ್ದೆ. ಕಿವಿ ಮಾತ್ರ ಪೂರ್ತಿ ನನ್ನದಾಗಿತ್ತು. ಯಂತ್ರ ನನ್ನ ಎದೆಯನ್ನು ಎತ್ತಿ ಇಳಿಸುವ ಸದ್ದು, ದೂರದಲ್ಲಿ ಟ್ರಾಲಿಯ ಗಾಲಿ, ಪಕ್ಕದ ಮಂಚದವರನ್ನು ನೋಡಲು ಬಂದವರ ಮಾತು. ಒಬ್ಬ ಹೆಂಗಸು ನನ್ನ ಕಡೆ ತಿರುಗಿ ಹೇಳಿದ್ದು ಇವತ್ತಿಗೂ ಕೇಳಿಸುತ್ತದೆ. "ಪಾಪ, ಈಯಮ್ಮ ಉಳಿಯಂಗಿಲ್ಲ ಬುಡು. ಮಕ ಆಗ್ಲೇ ಒಂಟೋಗದೆ." ನನಗೆ ಕೂಗಬೇಕೆನಿಸಿತು. ಕೂಗಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಪ್ರಾರ್ಥನೆ ಮಾಡಲು ಹೋದೆ. ಅಜ್ಜಿ ಕಲಿಸಿದ್ದನ್ನು ಶುರುಮಾಡಿದರೆ ಮೂರನೆಯ ಸಾಲಿಗೆ ತಪ್ಪಿಹೋಗುತ್ತಿತ್ತು. ಮತ್ತೆ ಮೊದಲಿನಿಂದ, ಮತ್ತೆ ತಪ್ಪು. ಮಕ್ಕಳಿಗೆ ಬಾಯಿಪಾಠ ಮಾಡಿಸಿ ತಪ್ಪಿದರೆ ಗದರಿಸುತ್ತಿದ್ದವಳು ನಾನು. ದೇವರು ಇಲ್ಲವೇನೋ ಎಂಬ ಯೋಚನೆ ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು. ಇಲ್ಲೇ ಇದ್ದಾನೆ, ಮಂಚದ ಪಕ್ಕದಲ್ಲೇ ನಿಂತಿದ್ದಾನೆ, ಆದರೆ ನನ್ನ ಹತ್ತಿರ ಮಾತಾಡಲು ಅವನಿಗೆ ಏನೂ ಇಲ್ಲ ಅನಿಸಿತು.

ಆ ದಿನಗಳಲ್ಲಿ ನನ್ನನ್ನು ಮನುಷ್ಯಳಾಗಿ ಉಳಿಸಿದ್ದು ಒಬ್ಬ ನರ್ಸು. ಹೆಸರು ಗೊತ್ತಾಗಲಿಲ್ಲ, ದನಿಯಲ್ಲಿ ಮಲಯಾಳದ ಎಳೆತ. ಮುಟ್ಟುವ ಮೊದಲು ಹೇಳಿಯೇ ಮುಟ್ಟುತ್ತಿದ್ದಳು. "ಜಯಮ್ಮಾ, ಈಗ ಮಗ್ಗುಲು ಆಗೋಣ. ಜಯಮ್ಮಾ, ಈಗ ಬಾಯಿ ಒರೆಸ್ತೀನಿ, ಸ್ವಲ್ಪ ತಣ್ಣಗಿರ್ತದೆ." ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಕರೆಯುತ್ತಿದ್ದಳು. ನಾನು ಅದನ್ನೇ ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಎಡಗಣ್ಣಿನ ರೆಪ್ಪೆ ಕೂದಲೆಳೆಯಷ್ಟು ಎದ್ದಿತು. ಬಿಳಿ ಬೆಳಕಿನ ಗೆರೆ ಕಂಡಿತು. ಏರಿದ್ದು ಇಳಿಯಲು ಶುರುವಾಗಿತ್ತು. ಏರುವಾಗ ಇದ್ದ ಅವಸರ ಇಳಿಯುವಾಗ ಇರಲಿಲ್ಲ. ಯಂತ್ರ ಬಿಡಿಸಲು ಒಂದು ತಿಂಗಳ ಮೇಲಾಯಿತು. ಗಂಟಲಿನಲ್ಲಿ ತೂತು ಮಾಡಿದ್ದರಿಂದ ದನಿ ಗಾಳಿಯಂತೆ ಬರುತ್ತಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು. "ನಿಧಾನಕ್ಕೆ ಸರಿಹೋಗುತ್ತೆ. ಆದ್ರೆ ಕೆಲವರಿಗೆ ಮತ್ತೆ ಬರೋದುಂಟು. ಕೈಕಾಲು ಮತ್ತೆ ಜುಮ್ಮನ್ನೋಕೆ ಶುರುವಾದ್ರೆ ತಡ ಮಾಡ್ಬೇಡಿ."

ಗಂಡ ಲಾರಿಗೆ ಹೋಗಲೇಬೇಕಿತ್ತು. ನನ್ನನ್ನು ಗುಂಡ್ಲುಪೇಟೆಯಲ್ಲಿ ಅಕ್ಕನ ಮನೆಗೆ ಕರೆದೊಯ್ದರು. ಹೆದ್ದಾರಿಗೆ ಹತ್ತಿರದ ಎರಡು ಕೋಣೆಯ ಮನೆ. ಲಾರಿ ಹೋದಾಗಲೆಲ್ಲ ಮಂಚ ನಡುಗುತ್ತಿತ್ತು. ಅಕ್ಕ ಮಂಡಿಯ ಕೆಲಸ ಬಿಟ್ಟು ನನ್ನನ್ನು ನೋಡಿಕೊಂಡರು. ಹಲ್ಲುಜ್ಜುವುದು, ಗಂಜಿ ಬಾಯಿಗಿಡುವುದು, ಬೆಡ್‌ಪ್ಯಾನ್ ಇಡುವುದು, ತೊಳೆಯುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಒಂದು ದಿನವೂ ಮೂಗು ಮುರಿಯಲಿಲ್ಲ. ಎಷ್ಟು ಸೋಪು ಹಾಕಿ ತೊಳೆದರೂ ಅವರ ಅಂಗೈಯಿಂದ ಈರುಳ್ಳಿ ವಾಸನೆ ಹೋಗುತ್ತಿರಲಿಲ್ಲ.

ಅಕ್ಕ ನಮ್ಮ ಸಭೆ ಬಿಟ್ಟು ಬಹಳ ವರ್ಷವಾಗಿತ್ತು. ಸ್ವಸ್ಥತೆಯ ಪ್ರಾರ್ಥನೆ ಮಾಡುವ ಒಬ್ಬ ಬೋಧಕರ ಕೂಟಕ್ಕೆ ಹೋಗುತ್ತಿದ್ದರು. ಅವರನ್ನು ಮನೆಗೆ ಕರೆಸುತ್ತೇನೆ ಅಂದಾಗ ನನ್ನ ಗಂಡ, "ಬ್ಯಾಡ ಬುಡಕ್ಕ, ಅವ್ಳಿಗಿನ್ನೂ ಕೂತ್ಕೊಳಕ್ಕೇ ಆಗದು," ಅಂದರು.

"ನೀ ಸುಮ್ಕಿರ್ಲಾ. ಸತ್ತೋರೇ ಎದ್ದವ್ರೆ. ಇವ್ಳು ಏಳ್ದೆ ಇದ್ದಾಳಾ," ಅಂದರು ಅಕ್ಕ.

ಶನಿವಾರ ಮಧ್ಯಾಹ್ನ ಆ ಸಣ್ಣ ಕೋಣೆಗೆ ಇಪ್ಪತ್ತು ಜನ ಬಂದರು. ಗಂಡ ಆ ಹೊತ್ತಿಗೆ ಲಾರಿಯಲ್ಲಿದ್ದರು. ಮೈಕು ಇತ್ತು. ಹಾಡು ಜೋರಾಯಿತು, ಚಪ್ಪಾಳೆ ಜೋರಾಯಿತು, ನನ್ನ ಸುತ್ತ ಕಣ್ಣು ಮುಚ್ಚಿದ ಮುಖಗಳು. ಬೋಧಕರು ನನ್ನ ತಲೆಯ ಮೇಲೆ ಕೈಯಿಟ್ಟು ಒತ್ತಿದರು. ಕೊನೆಗೆ, ಎದ್ದು ನಡೆ ಎಂದು ಆಜ್ಞೆ ಮಾಡಿದರು. ಅಕ್ಕ ಒಂದು ಕಡೆ, ಇನ್ನೊಬ್ಬ ಹೆಂಗಸು ಇನ್ನೊಂದು ಕಡೆ ಹಿಡಿದು ನನ್ನನ್ನು ನಿಲ್ಲಿಸಿದರು. "ಬಿಡಿ, ಕೈ ಬಿಡಿ," ಅಂದರು ಬೋಧಕರು. ಬಿಟ್ಟರು.

ಒಂದು ಕ್ಷಣ ನಿಂತೆ ಎಂದೇ ನನ್ನ ನೆನಪು. ಆಮೇಲೆ ಮಂಡಿಗಳು ಇಲ್ಲವಾದವು. ಮಂಚದ ಅಂಚಿಗೆ ಬಾಯಿ ಬಡಿದು ತುಟಿ ಹರಿಯಿತು. ಹಾಡು ನಿಂತಿತು. ಹೆದ್ದಾರಿಯ ಸದ್ದು ಮಾತ್ರ ಉಳಿಯಿತು. ಬೋಧಕರು ಮೈಕನ್ನು ಕೆಳಗಿಳಿಸಿ ತಗ್ಗಿದ ದನಿಯಲ್ಲಿ ಹೇಳಿದರು. "ಈ ಮನೇಲಿ ಅವಿಶ್ವಾಸ ಐತೆ. ಅದು ಇರೋವರ್ಗೂ ಬಿಡುಗಡೆ ಇಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನೆಲದ ಮೇಲೆ ಬಿದ್ದಿದ್ದ ನಾನು, ಹೌದು, ಅದು ನಾನೇ ಅಂದುಕೊಂಡೆ.

ಕಾಯಿಲೆಯಲ್ಲಿ ಅದಕ್ಕಿಂತ ಕತ್ತಲೆಯ ವಾರ ನನಗೆ ಬರಲಿಲ್ಲ. ಐಸಿಯುನಲ್ಲಿ ಪ್ರಾರ್ಥನೆ ಮರೆತವಳು, ದೇವರ ಮೌನದ ಮೇಲೆ ಮುನಿದವಳು. ಈಗ ಲೆಕ್ಕ ಸರಿಹೋಯಿತು ಅನಿಸಿತು. ಗಂಜಿ ಬೇಡವೆಂದು ಬಾಯಿ ಮುಚ್ಚಿದೆ. ಅಕ್ಕ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಾತಿಲ್ಲದೆ ತೊಳೆಯುತ್ತಿದ್ದರು, ಮಾತಿಲ್ಲದೆ ತಿರುಗಿಸುತ್ತಿದ್ದರು. ನಾಲ್ಕನೆಯ ದಿನ ಬೆರಳ ತುದಿಗಳು ಜುಮ್ಮೆನ್ನತೊಡಗಿದವು. ಮತ್ತೆ ಬಂತೆಂದು ತಿಳಿದೆ. ಯಾರಿಗೂ ಹೇಳಲಿಲ್ಲ. ಬಂದರೆ ಬರಲಿ, ಈ ಸಲ ಪೂರ್ತಿ ಹತ್ತಲಿ ಎಂದು ಕಾದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದೇ ಜಾಗದಲ್ಲಿ ಮಲಗಿರುವ ಯಾರಾದರೂ ಓದಿಯಾರು ಎಂದು ಬರೆಯುತ್ತಿದ್ದೇನೆ.

ಗಂಡ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ್ದರೆಂದು ಕಾಣುತ್ತದೆ. ಗುರುವಾರ ಬೆಳಿಗ್ಗೆ ಅಯ್ಯನವರು ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ರೋಗಿಗಳ ಮನೆಗೆ ಒಯ್ಯುವ ಸಣ್ಣ ಚೀಲ. ನನ್ನ ತುಟಿಯ ಹೊಲಿಗೆ ನೋಡಿದರು. ಏನಾಯಿತೆಂದು ಕೇಳಲಿಲ್ಲ. ಅಕ್ಕ ಒಳಗಿನ ಬಾಗಿಲ ಹತ್ತಿರ ಬೆನ್ನು ಕೊಟ್ಟು ನಿಂತಿದ್ದರು.

"ಚೀಲ ತೆರೀಬೇಡಿ ಅಯ್ಯನವರೇ," ಎಂದು ಗಾಳಿ ದನಿಯಲ್ಲಿ ಹೇಳಿದೆ. "ನನಗೆ ನಂಬಿಕೆ ಇಲ್ಲ. ಹುಡುಕಿ ನೋಡ್ದೆ. ಒಳಗೆ ಏನೂ ಇಲ್ಲ."

ಅವರು ಕುರ್ಚಿ ಎಳೆದುಕೊಂಡರು. "ಇವತ್ತು ಹಲ್ಲು ಯಾರು ಉಜ್ಜಿದ್ರಮ್ಮ?"

"ಅಕ್ಕ."

"ಮಗ್ಗುಲು ಯಾರು ಬದಲಿಸಿದ್ರು?"

"ಅಕ್ಕನೇ."

"ನಿನ್ನ ಶಕ್ತಿ ಎಷ್ಟು ಹಾಕಿದೆ ಅದಕ್ಕೆ?"

ಹೊದಿಕೆಯ ಮೇಲೆ ಬಿದ್ದಿದ್ದ ನನ್ನ ಕೈಗಳನ್ನು ನೋಡಿದೆ.

"ಮತ್ತೆ ನಂಬಿಕೆ ಒಂದನ್ನ ಮಾತ್ರ ನೀನೇ ಎದ್ದು ಮಾಡ್ಕೊಂಡು ತಿನ್ನಬೇಕು ಅಂತ ಯಾರು ಹೇಳಿದ್ರು? ಮೂರು ತಿಂಗಳ ಕೂಸಿಗೆ ನೀರು ಹಾಕಿದಾಗ ನೀನು ಏನು ನಂಬಿದ್ದೆ? ನಿದ್ದೆ ಮಾಡ್ತಿದ್ದೆ ಕಣಮ್ಮ. ದೇವರು ನಿನ್ನ ಹಿಡಿದ. ನೀನು ಹಿಡಿದಿರೋದು ಸಡಿಲ ಆಗಿದೆ, ಅವನದು ಆಗಿಲ್ಲ." ನನ್ನ ಕಡೆ ಬಗ್ಗಿ, "ನೀನು ಬಿದ್ದೆಯಲ್ಲ, ಅವನೂ ನೆಲದ ಮೇಲೇ ಇದ್ದ. ಮೈಕಿನ ಹತ್ತಿರ ಇರಲಿಲ್ಲ," ಅಂದರು.

ಚೀಲ ತೆರೆದರು. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಚಮಚದಲ್ಲಿ ಹಿಡಿದರು. ನಿನಗೋಸ್ಕರ ಎಂದರು. ನುಂಗುವುದು ನನಗೆ ಆಗ ದೊಡ್ಡ ಭಯ. ಗಂಜಿಯೇ ಎರಡು ಸಲ ನೆತ್ತಿಗೆ ಹತ್ತಿ ಮುಖ ನೀಲಿಯಾಗಿತ್ತು. ಬಾಯಿಗೆ ಬಂದದ್ದು ಗಂಟಲ ಬಳಿ ನಿಂತಿತು. ಕೆಮ್ಮು ಬಂತು. ಅಕ್ಕ ಓಡಿ ಬಂದು ನನ್ನ ಬೆನ್ನು ಎತ್ತಿ ಹಿಡಿದರು. "ತಲೆ ಬಗ್ಸು, ಗದ್ದ ಎದೆಗೆ ತಗ್ಲುಸು, ಈಗ ನುಂಗು," ಅಂದರು. ಆಸ್ಪತ್ರೆಯಲ್ಲಿ ಕಲಿಸಿದ್ದನ್ನು ಅವರು ಮರೆತಿರಲಿಲ್ಲ. ಅಯ್ಯನವರು ಕಾದರು. ಇಳಿಯಿತು.

ಬೆಳಕು ಹೊಳೆಯಲಿಲ್ಲ. ಕಾಲಿಗೆ ಬಲ ಬರಲಿಲ್ಲ. ಆದರೆ ಬಹಳ ದಿನದ ಮೇಲೆ, ನಾನು ಏನೂ ಮಾಡಬೇಕಾಗಿಲ್ಲ ಎಂಬುದು ಎದೆಯೊಳಗೆ ಕೂತಿತು. ಅಂಥ ಹಗುರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿದ್ದ ಸಂತೋಷ ಇದೇ ಇರಬೇಕೆಂದು ಆಗ ಗೊತ್ತಾಯಿತು. ಬೆರಳು ಜುಮ್ಮೆನ್ನುವ ವಿಷಯ ಬಾಯಿಬಿಟ್ಟೆ. ಅದೇ ದಿನ ಆಸ್ಪತ್ರೆಗೆ ಹೋದೆವು. ಕಾಯಿಲೆ ಮರಳಿರಲಿಲ್ಲ. ನರ ಚಿಗುರುವಾಗಲೂ ಹಾಗಾಗುತ್ತದಂತೆ.

ಹಿಂದಿರುಗುವಾಗ ಆಟೋದಲ್ಲಿ ಅಕ್ಕ ಹೊರಗೆ ನೋಡುತ್ತಾ, "ನಾ ಕೈ ಬುಡಬಾರ್ದಾಗಿತ್ತು ಕಣಮ್ಮಿ," ಅಂದರು.

"ಆಮೇಲೆ ದಿನಾ ಹಿಡಿದಿದ್ದೀರಲ್ಲ ಅಕ್ಕ," ಅಂದೆ. "ದೇವರ ಕೈ ಎಂಗಿರ್ತದೆ ಅಂತ ಯಾರಾದ್ರೂ ಕೇಳಿದ್ರೆ, ಈರುಳ್ಳಿ ವಾಸನೆ ಬತ್ತದೆ ಅಂತೀನಿ."

ಅವರು ಅಂಗೈ ಮೂಸಿ ನೋಡಿಕೊಂಡು ಅತ್ತರು.

ಏಳನೆಯ ತಿಂಗಳಿಗೆ ವಾಕರ್ ಹಿಡಿದು ನಡೆದೆ. ವರ್ಷವಾಗುವಷ್ಟರಲ್ಲಿ ಕೋಲು ಹಿಡಿದು ಗ್ರಂಥಾಲಯದ ಬೀಗ ತೆಗೆದೆ. ಅಂಗಾಲು ಮಾತ್ರ ಹಿಂದಿರುಗಲಿಲ್ಲ. ಕಾಲು ಎಲ್ಲಿದೆಯೆಂದು ಈಗಲೂ ಕಣ್ಣಿನಿಂದಲೇ ನೋಡಿ ಇಡಬೇಕು. ನೆಗಡಿ, ಜ್ವರ ಬಂದರೆ ಎರಡು ವಾರ ನಾನೂ ಗಂಡನೂ ಒಬ್ಬರ ಮುಖ ಒಬ್ಬರು ನೋಡದೆ ದಿನ ದೂಡುತ್ತೇವೆ.

ಕತೆ ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಹೋದ ವರ್ಷ ಅದೇ ಡಾಕ್ಟರು ಫೋನು ಮಾಡಿದರು. ಕುದೇರಿನ ಒಬ್ಬ ಹೆಂಗಸಿಗೆ ಅದೇ ಕಾಯಿಲೆ. ಹೆಸರು ನಾಗರತ್ನ, ಮೂವತ್ತನಾಲ್ಕು ವರ್ಷ, ಯಂತ್ರದ ಮೇಲಿದ್ದಾಳೆ, ಮನೆಯವರು ಧೈರ್ಯಗೆಟ್ಟಿದ್ದಾರೆ, ಒಂದು ಸಲ ಬಂದು ಹೋಗಬಹುದೇ ಎಂದರು.

ಆ ಬಾಗಿಲು ದಾಟುವಾಗ ಬೆವರಿ ಒದ್ದೆಯಾದೆ. ನಾಗರತ್ನಳ ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ನಿಂತು, "ನಾಗರತ್ನ, ನನ್ನ ಹೆಸರು ಜಯಮಣಿ. ನಾನೂ ಇಂಥದೇ ಮಂಚದಲ್ಲಿ ಮಲಗಿದ್ದೆ. ನಿನಗೆ ಕೇಳಿಸ್ತಿದೆ ಅಂತ ನಂಗೊತ್ತು," ಅಂದೆ. ಎಂಟು ದಿನ ಸಂಜೆ ಗ್ರಂಥಾಲಯ ಮುಚ್ಚಿ ಹೋದೆ. ಹೊರಗೆ ಬೆಂಚಿನ ಮೇಲೆ ಅವಳ ಅತ್ತೆ ಪುಟ್ಟತಾಯಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಕೂತಿರುತ್ತಿದ್ದರು. ನನ್ನ ಕೋಲನ್ನೂ ಕಾಲನ್ನೂ ನೋಡಿ, "ನೀ ಎದ್ದು ಬಂದಲ್ಲವ್ವ, ಯಾವ ದೇವ್ರಿಗೆ ಅರಕೆ ಕಟ್ಟಿದ್ದೆ? ಯೋಳು, ನಾನೂ ಕಟ್ತೀನಿ," ಅಂದರು.

"ಯಾವ ಅರಕೆನೂ ಕಟ್ನಿಲ್ಲ ಕಣವ್ವ. ಆಗ ನಂಗೆ ಪ್ರಾರ್ಥನೆ ಮಾಡೋಕೂ ಆಗ್ನಿಲ್ಲ."

"ಮತ್ತೆ ಎಂಗೆ ಎದ್ದೆ?"

"ಗೊತ್ತಿಲ್ಲ ಕಣವ್ವ," ಅಂದೆ. ಅವರು ಸೆರಗಿನ ತುದಿಯಿಂದ ಬೆಂಚಿನ ಧೂಳು ಒರೆಸಿ ನನಗೆ ಜಾಗ ಮಾಡಿಕೊಟ್ಟರು. ಕಣ್ಣು ಮುಚ್ಚಿದ್ದರೂ ಅವಳಿಗೆ ಎಲ್ಲಾ ಕೇಳಿಸುತ್ತದೆ, ಒಳಗೆ ಹೋದಾಗ ಮಾತಾಡಿಸಿ ಎಂದೆ.

ಒಂಬತ್ತನೆಯ ದಿನ ಹೋದಾಗ ಆ ಮಂಚಕ್ಕೆ ಹೊಸ ಬಟ್ಟೆ ಹಾಸಿತ್ತು. ಬೆಳಿಗ್ಗೆ ಹೃದಯ ನಿಂತಿತಂತೆ.

ಆ ಭಾನುವಾರ ಚರ್ಚಿನಲ್ಲಿ ನನಗೆ ಹಾಡಲು ಬರಲಿಲ್ಲ. ಅವಳೇಕೆ, ನಾನೇಕಲ್ಲ ಎಂದು ಕೇಳಿದರೆ ಆ ಬೋಧಕರ ಹತ್ತಿರ ಉತ್ತರ ಇರುತ್ತಿತ್ತು. ಅಯ್ಯನವರ ಹತ್ತಿರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ನಾನು ಬದುಕಿ ಉಳಿದದ್ದು ನನ್ನ ನಂಬಿಕೆಗೆ ಸಿಕ್ಕ ಬಹುಮಾನವಲ್ಲ ಎಂಬುದೊಂದೇ ನನಗೆ ಗೊತ್ತಿರುವುದು. ಸುತ್ತ ಇದ್ದ ಹನ್ನೆರಡು ಜನ ಹಾಡಿದರು. ನಾನು ಅವರ ನಡುವೆ ಕೂತಿದ್ದೆ.

ಮಾರನೆಯ ದಿನ ಕುದೇರಿಗೆ ಹೋದೆ. ಪುಟ್ಟತಾಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತೆ. ಆಮೇಲೆ ಅವರೇ ಕೇಳಿದರು.

"ಕಣ್ ಮುಚ್ಚಿದ್ರೂ ಕೇಳ್ತದೆ ಅಂದಿದ್ದೆಯಲ್ಲವ್ವ. ದಿಟವಾ, ಇಲ್ಲ ನನ್ ಸಮಾಧಾನಕ್ಕೆ ಅಂದ್ಯಾ?"

"ದಿಟ ಕಣವ್ವ. ನಂಗೆ ಎಲ್ಲಾ ಕೇಳ್ತಿತ್ತು."

"ನಾ ಕಡೇ ದಿನ ಬೋದ್ಬುಟ್ಟೆ ಅವ್ಳ. ಅಡುಗೆಮನೆ ಈ ಮುದ್ಕಿ ತಲೆಗೆ ಕಟ್ಬುಟ್ಟು ಇಲ್ಲಿ ಬಂದು ಮನಗಿದ್ದೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ, ಏಳು, ನೀ ಬರೋಗಂಟ ನಾ ಉಣ್ಣಾಕಿಲ್ಲ ಅಂತ." ನನ್ನ ಕಡೆ ತಿರುಗಿದರು. "ಅದೂ ಕೇಳಿರ್ತದಾ?"

"ಅದೂ ಕೇಳಿರ್ತದೆ."

"ಬೇಜಾರು ಮಾಡ್ಕಂಡಿರ್ತಾಳಾ?"

ಆ ಮಂಚದ ಮೇಲೆ ದಿನವಿಡೀ ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆಯಲೆಂದು, ಬೈಯಲಾದರೂ ಕರೆಯಲೆಂದು ಕಾದದ್ದು ನನಗೆ ಗೊತ್ತಿತ್ತು.

"ಇಲ್ಲವ್ವ. ಮನೇಲಿ ನನ್ನ ಕಾಯ್ತಾವ್ರೆ ಅಂದ್ಕಂಡಿರ್ತಾಳೆ."

ಪುಟ್ಟತಾಯಮ್ಮ ಬೀದಿಯ ಕಡೆ ನೋಡುತ್ತಾ ಆ ಮಾತನ್ನು ಒಂದು ಸಲ ಬಾಯೊಳಗೇ ಹೇಳಿಕೊಂಡರು. ಆಮೇಲೆ ನನ್ನ ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಎದ್ದರು.

"ಅಂಗಾದ್ರೆ ಅವ್ಳು ಒಬ್ಳೇ ಓಗ್ನಿಲ್ಲ ಬುಡು," ಅಂದರು. "ಒಳಕ್ಕೆ ಬಾ. ನಾನೂ ಇನ್ನೂ ಉಂಡಿಲ್ಲ."